ಗಾಡಿ ತುಂಬಿತು, ತೂಕ ತುಂಬಲಿಲ್ಲ

ಅರಸೀಕೆರೆಯ ಸುತ್ತಿನ ಊರುಗಳಲ್ಲಿ ತೆಂಗಿನ ಮರವಿಲ್ಲದ ಹಿತ್ತಿಲನ್ನು ಕಾಣುವುದು ಕಷ್ಟ. ಮರವಿದ್ದ ಮೇಲೆ ಅದು ಒಣಗುವ ದಿನವೂ ಬರುತ್ತದೆ. 2016-17ರ ಬರಗಾಲದಲ್ಲಿ ಈ ಸೀಮೆಯ ತೋಟಗಳಲ್ಲಿ ಸುಳಿ ಒಣಗಿ ನಿಂತ ಮರಗಳನ್ನು ಇಲ್ಲಿನ ರೈತರು ಇನ್ನೂ ಮರೆತಿಲ್ಲ. ಬರವಿಲ್ಲದ ವರ್ಷಗಳಲ್ಲಿಯೂ ಅಣಬೆ ರೋಗವು ಅಲ್ಲೊಂದು ಇಲ್ಲೊಂದು ಮರವನ್ನು ಕೆಡವುತ್ತಲೇ ಇರುತ್ತದೆ. ಸತ್ತ ಮರವನ್ನು ಕಡಿಸುವುದು ಅರ್ಧ ದಿನದ ಕೆಲಸ. ಕಡಿದದ್ದನ್ನು ಸಾಗಿಸುವುದಿದೆಯಲ್ಲ, ಲೆಕ್ಕ ತಪ್ಪುವುದು ಅಲ್ಲಿ.

ನಮ್ಮ ಪರಿಚಯದ ಗೃಹಸ್ಥರೊಬ್ಬರು ಹಿತ್ತಿಲಿನ ಮೂರು ತೆಂಗಿನ ಮರಗಳನ್ನು ಉರುಳಿಸಿ, ಹೇರಿಗಿಷ್ಟೆಂದು ಬಾಡಿಗೆ ಗೊತ್ತುಮಾಡಿ ಟ್ರ್ಯಾಕ್ಟರ್ ಟ್ರೇಲರನ್ನು ಕರೆಸಿದರು. ಕಾಂಡಗಳಿಗೆ ಎರಡು ಹೇರು ಬೇಕಾದೀತು, ಗರಿಗಳು ಅದರ ಮೇಲೆಯೇ ಹೋದಾವು ಎಂಬುದು ಅವರ ಎಣಿಕೆ. ನಡೆದದ್ದು ಬೇರೆ. ಮೂರು ಮರಗಳ ಕಾಂಡ ಒಂದೇ ಹೇರಿನಲ್ಲಿ ಹೋಯಿತು. ಗರಿಗಳಿಗೆ ಎರಡು ಹೇರು ಬೇಕಾಯಿತು! ಚಾಲಕನು ಬೇಕೆಂದೇ ಸಡಿಲವಾಗಿ ತುಂಬಿ ಒಂದು ಬಾಡಿಗೆಯನ್ನು ಹೆಚ್ಚಿಗೆ ಕಿತ್ತನೆಂದು ಅವರಿಗೆ ಸಂಶಯ. ಇಬ್ಬರಲ್ಲಿಯೂ ಮಾತು ಬೆಳೆಯಿತು. ಸಂಜೆ ನಮ್ಮಲ್ಲಿಗೆ ಬಂದು, “ನೀವು ಭೌತಶಾಸ್ತ್ರ ಹೇಳುವವರು, ಇದು ಮೋಸವೋ ಅಲ್ಲವೋ ಹೇಳಿ” ಎಂದರು. ನಾವು ಕಾಗದ ಪೆನ್ಸಿಲು ತೆಗೆದುಕೊಂಡು ಕುಳಿತೆವು.

ಟ್ರೇಲರಿನ ತೊಟ್ಟಿಯ ಉದ್ದ 10 ಅಡಿ, ಅಗಲ 6 ಅಡಿ, ಎತ್ತರ 2 ಅಡಿ. ಗಾತ್ರ 120 ಘನ ಅಡಿ, ಎಂದರೆ ಸುಮಾರು 3.4 ಘನ ಮೀಟರು. ಇನ್ನು ಕಾಂಡ. 15 ಮೀಟರು ಉದ್ದ, ಸರಾಸರಿ 28 ಸೆಂಟಿಮೀಟರು ಅಡ್ಡಳತೆಯ ಕಂಬವೆಂದು ಹಿಡಿದರೆ ಅದರ ಗಾತ್ರ 0.9 ಘನ ಮೀಟರು. ತೆಂಗಿನ ಕಾಂಡದ ರಚನೆಯೇ ವಿಚಿತ್ರ. ಮಾವು ಹಲಸುಗಳಂತೆ ಅದರಲ್ಲಿ ವರ್ಷದ ಉಂಗುರಗಳಿಲ್ಲ. ಗಟ್ಟಿ ನಾರುಗಳು ಹೊರಸುತ್ತಿನಲ್ಲಿ ಒತ್ತಾಗಿಯೂ ನಡುವೆ ವಿರಳವಾಗಿಯೂ ಇರುತ್ತವೆ. ಒಣಗಿದ ಮೇಲೆ ಬುಡದ ಹೊರಭಾಗವು ಘನ ಮೀಟರಿಗೆ 600 ಕಿಲೋಗ್ರಾಮಿಗೂ ಮೀರಿ ತೂಗಿದರೆ, ನಡುವಿನ ತಿರುಳು 400 ಕಿಲೋಗ್ರಾಮನ್ನೂ ಮುಟ್ಟದು. ಆದರೆ ಹಸಿಯಾಗಿರುವಾಗ ನಾರು ಕಡಿಮೆಯಿರುವ ಕಡೆಯಲ್ಲೇ ನೀರು ಹೆಚ್ಚು. ಆದ್ದರಿಂದ ಹಸಿ ಕಾಂಡದ ಸಾಂದ್ರತೆಯನ್ನು ಹೆಚ್ಚುಕಡಿಮೆ ನೀರಿನಷ್ಟೇ ಎಂದು ಹಿಡಿದರೆ ದೊಡ್ಡ ತಪ್ಪಾಗದು. ಮೂರು ಕಾಂಡಗಳ ತೂಕ ಎರಡೂವರೆ ಟನ್ನಿನ ಆಸುಪಾಸು. ತುಂಡು ಮಾಡಿ ಒಂದರ ಪಕ್ಕದಲ್ಲಿ ಒಂದನ್ನು ಒಟ್ಟಿದರೆ, ಪಕ್ಕದ ಹಲಗೆಗಳಿಗಿಂತ ಕೊಂಚ ಮೇಲೆದ್ದು, ಒಂದೇ ಹೇರು.

ಗರಿಗಳು? ಮರವೊಂದಕ್ಕೆ ಮೂವತ್ತರಂತೆ ತೊಂಬತ್ತು. ಬಾಡಿದ ಗರಿಯೊಂದಕ್ಕೆ ಆರು ಕಿಲೋಗ್ರಾಮು ಎಂದರೂ ಒಟ್ಟು 540 ಕಿಲೋಗ್ರಾಮು. ಕಾಂಡದ ತೂಕದಲ್ಲಿ ಐದನೆಯ ಒಂದು ಪಾಲು. ಹಿಡಿದ ಜಾಗ ಎರಡು ಪಾಲು. ಹಾಗಾದರೆ ಆ ಎರಡು ಹೇರುಗಳಲ್ಲಿ ಸಾಗಿದ್ದೇನು? ಬಹುಮಟ್ಟಿಗೆ ಗಾಳಿ.

ಇದನ್ನು ವಾಚಕರು ಮನೆಯಲ್ಲಿಯೇ ನೋಡಬಹುದು. 15 ಲೀಟರಿನ ಬಕೆಟ್ಟಿನಲ್ಲಿ ಅರ್ಧ ಸೆಂಟಿಮೀಟರು ದಪ್ಪ, 25 ಸೆಂಟಿಮೀಟರು ಉದ್ದದ ನೇರವಾದ ಕಡ್ಡಿಗಳನ್ನು ಹೇಗೆಂದರೆ ಹಾಗೆ ಎಸೆದು ತುಂಬಿ. ಮೇಲೊಂದು ಜಾಲರಿಯನ್ನಿಟ್ಟು ಒತ್ತಿಹಿಡಿದು (ಇಲ್ಲದಿದ್ದರೆ ಕಡ್ಡಿಗಳು ತೇಲುತ್ತವೆ) ಅಂಚಿನವರೆಗೆ ನೀರನ್ನು ಅಳೆದು ಹೊಯ್ಯಿರಿ. 13 ಲೀಟರಿಗೂ ಹೆಚ್ಚು ನೀರು ಹಿಡಿಸಿದರೆ ಬೆರಗಾಗಬೇಡಿ. ತುಂಬಿದಂತೆ ಕಂಡ ಬಕೆಟ್ಟಿನಲ್ಲಿ ಕಟ್ಟಿಗೆ ಇದ್ದದ್ದು ಒಂದೂವರೆ ಲೀಟರು ಮಾತ್ರ.

ಇದಕ್ಕೊಂದು ನಿಯಮವುಂಟು. 1996ರಲ್ಲಿ ನೆದರ್ಲೆಂಡ್ಸ್ ದೇಶದ ಯುಟ್ರೆಕ್ಟ್ ವಿಶ್ವವಿದ್ಯಾಲಯದ ಆಲ್ಬರ್ಟ್ ಫಿಲಿಪ್ಸೆ ಎಂಬ ವಿಜ್ಞಾನಿ ಕಡ್ಡಿಗಳ ರಾಶಿಯನ್ನು ಕುರಿತು ಇದನ್ನು ಪ್ರಕಟಿಸಿದರು. ಕಡ್ಡಿಯ ಉದ್ದವು ದಪ್ಪದ ಎಷ್ಟು ಪಟ್ಟು ಎಂಬುದನ್ನು ಕಂಡುಕೊಂಡು, ಆ ಸಂಖ್ಯೆಯಿಂದ 5.4ನ್ನು ಭಾಗಿಸಿದರೆ, ರಾಶಿಯಲ್ಲಿ ಕಡ್ಡಿಯ ಪಾಲೆಷ್ಟೆಂಬುದು ಸುಮಾರಾಗಿ ದೊರೆಯುತ್ತದೆ. ಉದ್ದವು ದಪ್ಪದ 50 ಪಟ್ಟಾದರೆ ನೂರಕ್ಕೆ ಹನ್ನೊಂದು ಪಾಲು. ಅದೇ ಕಡ್ಡಿಯನ್ನು ನಡುವೆ ಕತ್ತರಿಸಿದರೆ ಉದ್ದ 25 ಪಟ್ಟು, ಪಾಲು ನೂರಕ್ಕೆ ಇಪ್ಪತ್ತೆರಡು. ಎಂದರೆ ಪ್ರತಿಯೊಂದು ಕಡ್ಡಿಗೂ ಒಂದೊಂದು ಏಟು ಹಾಕಿದ ಮಾತ್ರಕ್ಕೆ ರಾಶಿ ಅರ್ಧಕ್ಕಿಳಿಯುತ್ತದೆ! ಕಾರಣವೂ ಸರಳ. ರಾಶಿಯಲ್ಲಿ ಕಡ್ಡಿಯೊಂದು ಅಲುಗದೆ ನಿಲ್ಲಬೇಕಾದರೆ ಸುತ್ತಲಿನ ಹತ್ತು ಕಡ್ಡಿಗಳಾದರೂ ಅದನ್ನು ಮುಟ್ಟಿರಬೇಕು. ಉದ್ದದ ಕಡ್ಡಿಗೆ ದೂರದೂರದಲ್ಲಿಯೇ ಈ ಹತ್ತು ಆಸರೆಗಳು ಸಿಕ್ಕಿಬಿಡುತ್ತವೆ. ಅದು ಅಲ್ಲಿಯೇ ನಿಲ್ಲುತ್ತದೆ, ಮತ್ತೆ ಕೆಳಗಿಳಿಯದು. ಗಿಡ್ಡ ಕಡ್ಡಿಗೆ ಹತ್ತು ಆಸರೆ ದೊರೆಯಬೇಕಾದರೆ ನೆರೆಯ ಕಡ್ಡಿಗಳು ಹತ್ತಿರಕ್ಕೆ ಸರಿಯಬೇಕು.

ಬಹಳ ಗಿಡ್ಡವಾದ ತುಂಡುಗಳಿಗೆ ಈ ಲೆಕ್ಕ ಸಲ್ಲದು. ಕವಲೊಡೆದ ಕೊಂಬೆಗಳಾದರೆ ಸ್ಥಿತಿ ಇನ್ನೂ ಕೆಟ್ಟದು, ಒಂದರ ಕವಲಿಗೆ ಇನ್ನೊಂದು ಸಿಕ್ಕಿಕೊಂಡು ಹಕ್ಕಿಯ ಗೂಡಿನಂತಾಗುತ್ತದೆ. ಬೇಲೂರಿನ ಕಡೆಯ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರದ ಕೊಂಬೆ ಸವರುವವರು ಮೊದಲು ಕವಲನ್ನು ಕಡಿದು ಆಮೇಲೆ ಉದ್ದವನ್ನು ಕಡಿಯುವುದು ಈ ದೃಷ್ಟಿಯಿಂದಲೂ ಸರಿಯೇ. (ತೆಂಗು, ಸಿಲ್ವರ್ ಓಕ್, ನೀಲಗಿರಿಯಂತಹ ಕೆಲವು ಜಾತಿಗಳನ್ನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಹೊರತುಪಡಿಸಿದೆ, ಬೇರೆ ಮರವಾದರೆ ಗಾಡಿಗಿಂತ ಮೊದಲು ಅನುಮತಿಯನ್ನು ಗೊತ್ತುಮಾಡಿಕೊಳ್ಳಬೇಕು.) ಬೇಲೂರು ಹಳೇಬೀಡುಗಳ ದೇವಾಲಯ ಕಟ್ಟಿದವರಿಗೆ ಮಾತ್ರ ಈ ತೊಡಕು ಇದ್ದಿರಲಾರದು. ಬಳಪದ ಕಲ್ಲು ಘನ ಮೀಟರಿಗೆ 2.7 ಟನ್ನಿಗೆ ಕಡಿಮೆ ತೂಗದು; ನಮ್ಮ ಟ್ರೇಲರಿನ ತುಂಬ ಅದನ್ನಿಟ್ಟರೆ ಒಂಬತ್ತು ಟನ್ನು, ಅಚ್ಚು ಮುರಿಯುವುದು ಖಂಡಿತ.

ಅಮೆರಿಕದಲ್ಲಿ ಹೀಗೆ ಕಡಿದ ಮರವನ್ನು ತುಂಬಲು ಕಬ್ಬಿಣದ ದೊಡ್ಡ ತೊಟ್ಟಿಯನ್ನೇ ಬಾಡಿಗೆಗೆ ತಂದಿಡುತ್ತಾರೆ. ಅದರ ಹೆಸರು ಡಂಪ್‌ಸ್ಟರ್. 1930ರ ದಶಕದಲ್ಲಿ ಟೆನೆಸಿ ಸಂಸ್ಥಾನದ ನಾಕ್ಸ್‌ವಿಲ್ ಊರಿನ ಜಾರ್ಜ್ ಡೆಂಪ್‌ಸ್ಟರ್ ರೂಪಿಸಿದ ಸಾಧನದಿಂದ ಬಂದ ಹೆಸರು. ತೊಟ್ಟಿಯನ್ನು ಘನ ಗಜದ ಲೆಕ್ಕದಲ್ಲಿ ಕೊಡುತ್ತಾರೆ, ಜೊತೆಗೆ ತೂಕಕ್ಕೂ ಮಿತಿಯಿಡುತ್ತಾರೆ. 20 ಘನ ಗಜದ ತೊಟ್ಟಿಯೆಂದರೆ ನಮ್ಮ ಟ್ರೇಲರಿನ ನಾಲ್ಕೂವರೆ ಪಟ್ಟು. ಅಲ್ಲಿಯೂ ಸಮಸ್ಯೆ ಇದೇ: ಕೊಂಬೆ ತುಂಬಿದವನಿಗೆ ಗಜ ಸಾಲದು, ಕಾಂಡ ತುಂಬಿದವನಿಗೆ ಟನ್ನು ಸಾಲದು.

ನಮ್ಮ ಸ್ನೇಹಿತರ ಗರಿಗಳಿಗೆ ಮರಳೋಣ. ಒಣಗಲು ಬಿಟ್ಟಿದ್ದರೆ ಆಗುತ್ತಿತ್ತೆ ಎಂದು ಅವರು ಕೇಳಿದರು. ಆಗುತ್ತಿರಲಿಲ್ಲ, ಒಣಗಿದರೆ ಇಳಿಯುವುದು ತೂಕ, ಇಲ್ಲಿ ಕೊರತೆಯಿದ್ದದ್ದು ಜಾಗಕ್ಕೆ. ಮಾಡಬೇಕಾದದ್ದು ಬೇರೆ. ಎಲೆಗಳನ್ನು ಸವರಿ ಕಡ್ಡಿಯನ್ನು ಪೊರಕೆಗೆ ತೆಗೆದಿಟ್ಟು, ಉಳಿದ ದಂಟನ್ನು ಮೂರು ತುಂಡು ಮಾಡಿ, ಒಂದೇ ದಿಕ್ಕಿಗೆ ಜೋಡಿಸಿ ಹೊರೆ ಕಟ್ಟಬೇಕು. ಸಮಾಂತರವಾಗಿ ಜೋಡಿಸಿದ ಸಮ ದಪ್ಪದ ದುಂಡು ಕೋಲುಗಳು ಜಾಗದ ನೂರಕ್ಕೆ ತೊಂಬತ್ತರಷ್ಟನ್ನೂ ತುಂಬಬಲ್ಲವು. ಡೊಂಕು ದಂಟಿಗೆ ಅರ್ಧವೆಂದಿಟ್ಟುಕೊಳ್ಳಿ. ದಂಟೊಂದರ ಗಾತ್ರ ನಾಲ್ಕೂವರೆ ಲೀಟರು, ತೊಂಬತ್ತಕ್ಕೆ 0.4 ಘನ ಮೀಟರು. ಹೊರೆಗಳು ಹಿಡಿಯುವ ಜಾಗ 0.8. ಟ್ರೇಲರಿನ ಕಾಲು ಭಾಗ!

ಆದರೆ ಕಾಂಡವನ್ನು ಮಾತ್ರ ತೂಕ ಇಳಿಯಲೆಂದು ತಿಂಗಳುಗಟ್ಟಲೆ ಬಿಡಬಾರದು. ಕೊಳೆಯುವ ತೆಂಗಿನ ಕಾಂಡದಲ್ಲಿ ಕೊಂಬಿನ ದುಂಬಿ ಮೊಟ್ಟೆಯಿಡುತ್ತದೆ. ಅಲ್ಲಿ ಬೆಳೆದ ದುಂಬಿಯು ನೆರೆಯ ಮರಗಳ ಸುಳಿಯನ್ನು ಕೊರೆಯುತ್ತದೆ. ಹೇರುವಾಗ ದಪ್ಪ ತುಂಡುಗಳನ್ನು ಅಚ್ಚಿಗಿಂತ ತುಸು ಮುಂದಕ್ಕೆ ಇಡಿಸಬೇಕು. ಭಾರವೆಲ್ಲ ಹಿಂದಾದರೆ ಎರಡು ಗಾಲಿಯ ಟ್ರೇಲರು ತಕ್ಕಡಿಯಂತೆ ಹಿಂದಕ್ಕೆ ವಾಲಿ, ಟ್ರ್ಯಾಕ್ಟರಿನ ಹಿಂಗಾಲಿಗಳನ್ನು ಮೇಲೆತ್ತುತ್ತದೆ. ಗಾಲಿಯ ಹಿಡಿತ ತಪ್ಪುತ್ತದೆ.

ಲೆಕ್ಕವನ್ನೆಲ್ಲ ನೋಡಿದ ಮೇಲೆ ಗೃಹಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೂರನೆಯ ಹೇರಿನ ಬಾಡಿಗೆಯನ್ನು ಅವರು ಇನ್ನೂ ಕೊಟ್ಟಿರಲಿಲ್ಲವಂತೆ. ಮರುದಿನ ಬೆಳಗ್ಗೆ ಕೊಟ್ಟುಬಂದರು.