ಡೀಸೆಲ್ ಮೇಲಿನ ರಸ್ತೆ ಸೆಸ್ ಎಲ್ಲಿಗೆ ಹೋಗುತ್ತದೆ?

ರಸ್ತೆಯ ಗುಂಡಿಯಲ್ಲಿ ಗಾಡಿ ಇಳಿದಾಗಲೆಲ್ಲ "ನಾವು ಕೊಟ್ಟ ತೆರಿಗೆ ಯಾರ ಹೊಟ್ಟೆ ಸೇರಿತು?" ಎಂದು ರೈತರು ಕೇಳುತ್ತಾರೆ. ಈ ಸಂಶಯ ಬುಡವಿಲ್ಲದ್ದಲ್ಲ. ಆದರೆ ಬರಿಯ ಸಂಶಯದಿಂದ ಒಂದು ಬುಟ್ಟಿ ಜಲ್ಲಿಯೂ ಬಂದು ಬೀಳುವುದಿಲ್ಲ. ಹಣ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆಂಬುದನ್ನು ತಿಳಿದರೆ, ಯಾರನ್ನು ಏನು ಕೇಳಬೇಕೆಂಬುದೂ ತಿಳಿದೀತು.

ಈ ಸುಂಕ ಹೊಸದಲ್ಲ. 1927ರಲ್ಲಿ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆ ಹೆಚ್ಚು ಸುಂಕ ಹಾಕಿ, ಅದನ್ನು ಕೇಂದ್ರ ರಸ್ತೆ ನಿಧಿಯಲ್ಲಿ ಇಡಲಾಯಿತು. ರಸ್ತೆ ಬಳಸುವವನು ರಸ್ತೆಗಾಗಿ ಕೊಡಬೇಕು, ಕೊಟ್ಟದ್ದು ರಸ್ತೆಗೇ ಹೋಗಬೇಕು ಎಂಬುದೇ ಅದರ ತತ್ತ್ವ.

2000ರ ಕೇಂದ್ರ ರಸ್ತೆ ನಿಧಿ ಕಾಯಿದೆಯು ಪಾಲುಗಳನ್ನು ಸ್ಪಷ್ಟವಾಗಿ ಗೊತ್ತುಮಾಡಿತು. ಆಗ ಸೆಸ್ ಲೀಟರಿಗೆ 1 ರೂಪಾಯಿ. ಡೀಸೆಲಿನ ಆ ರೂಪಾಯಿಯಲ್ಲಿ 50 ಪೈಸೆ ಹಳ್ಳಿಯ ರಸ್ತೆಗಳಿಗೆ. ಉಳಿದ 50 ಪೈಸೆಯಲ್ಲಿ ಸುಮಾರು 29 ಪೈಸೆ ರಾಷ್ಟ್ರೀಯ ಹೆದ್ದಾರಿಗೆ, 6 ಪೈಸೆಯಷ್ಟು ರೈಲ್ವೆ ಸೇತುವೆ ಮತ್ತು ಗೇಟುಗಳಿಗೆ, 15 ಪೈಸೆ ರಾಜ್ಯದ ರಸ್ತೆಗಳಿಗೆ. ಈ ಕೊನೆಯ ಪಾಲಿನಲ್ಲಿಯೂ ಒಂದಂಶವನ್ನು ಎರಡು ರಾಜ್ಯಗಳನ್ನು ಕೂಡಿಸುವ ರಸ್ತೆಗಳಿಗೂ ಆರ್ಥಿಕ ಮಹತ್ವದ ರಸ್ತೆಗಳಿಗೂ ಮೀಸಲಿಟ್ಟಿದ್ದರು. ಆದವಾನಿಯಿಂದ ಸಿರುಗುಪ್ಪಕ್ಕೂ ರಾಯದುರ್ಗದಿಂದ ಬಳ್ಳಾರಿಗೂ ಮಾಲು ಸಾಗಿಸುವ ನಮಗೆ ಇದು ಸಣ್ಣ ಮಾತಲ್ಲ.

ಹಳ್ಳಿಗೆ ಅರ್ಧ ಪಾಲು ಬಂದದ್ದು ನ್ಯಾಯವೇ. ಲಾರಿಯ ಡೀಸೆಲು ರಸ್ತೆಯ ಮೇಲೆ ಉರಿಯುತ್ತದೆ. ನಮ್ಮದು ಬಹುಪಾಲು ಹೊಲದಲ್ಲಿ, ಪಂಪಿನಲ್ಲಿ ಉರಿಯುತ್ತದೆ. ಟ್ರ್ಯಾಕ್ಟರಿನ ಗಾಲಿ ರಸ್ತೆ ಮುಟ್ಟದಿದ್ದರೂ ರಸ್ತೆ ಸೆಸ್ ತಪ್ಪುವುದಿಲ್ಲ. ಆ ಪಾಲಿನ ಬಲದಿಂದಲೇ 2000ರ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾಯಿತು.

2018ರಲ್ಲಿ ವ್ಯವಸ್ಥೆ ಬದಲಾಯಿತು. ನಿಧಿಯ ಹೆಸರಿಗೆ 'ಮೂಲಸೌಕರ್ಯ' ಎಂಬ ಮಾತು ಸೇರಿತು. ರಸ್ತೆಯಲ್ಲದೆ ನೀರು, ವಿದ್ಯುತ್ತು ಮೊದಲಾದ ಕೆಲಸಗಳಿಗೂ ಹಣ ಬಳಸಲು ಅವಕಾಶವಾಯಿತು. ಯಾವುದಕ್ಕೆ ಎಷ್ಟು ಎಂಬುದನ್ನು ಸಮಿತಿಯೊಂದು ನಿಶ್ಚಯಿಸತೊಡಗಿತು. ಆ ವರ್ಷ ಸೆಸ್ ಲೀಟರಿಗೆ 8 ರೂಪಾಯಿ; 50 ಲೀಟರು ಉರಿಸಿದ ರೈತನು 400 ರೂಪಾಯಿ ಕೊಟ್ಟಂತಾಯಿತು. 2020ರ ಮೇ ತಿಂಗಳಲ್ಲಿ ಇನ್ನೂ 8 ರೂಪಾಯಿ ಏರಿತು. 2022ರ ಮೇ ತಿಂಗಳಲ್ಲಿ ಪೆಟ್ರೋಲಿಗೆ 8, ಡೀಸೆಲಿಗೆ 6 ರೂಪಾಯಿ ಇಳಿಯಿತು. ಇತರ ಕೇಂದ್ರ ತೆರಿಗೆಗಳಲ್ಲಿರುವಂತೆ ಸೆಸ್ಸಿನಲ್ಲಿ ರಾಜ್ಯಗಳಿಗೆ ಹಕ್ಕಿನ ಪಾಲಿಲ್ಲ.

ಲೆಕ್ಕ ಪರಿಶೋಧಕರೂ ಆಕ್ಷೇಪಿಸಿದ್ದಾರೆ. 2018-19ರಲ್ಲಿ 35 ಬಗೆಯ ಸೆಸ್ಸು, ಸುಂಕಗಳಿಂದ ಬಂದ ಸುಮಾರು 2,74,592 ಕೋಟಿ ರೂಪಾಯಿಯಲ್ಲಿ 1,64,322 ಕೋಟಿಯಷ್ಟೇ ಆಯಾ ನಿಧಿಗಳಿಗೆ ಸೇರಿತೆಂದು ಮಹಾಲೆಕ್ಕ ಪರಿಶೋಧಕರು ವರದಿ ಮಾಡಿದರು. ಉಳಿದುದು ಕಳವಾಯಿತೆಂದಲ್ಲ, ಸರ್ಕಾರದ ಒಟ್ಟು ಖಜಾನೆಯಲ್ಲಿಯೇ ನಿಂತಿತೆಂದರ್ಥ. ಆದರೆ ಹೆಸರು ಹೇಳಿ ವಸೂಲು ಮಾಡಿದ ಹಣ ಆ ಹೆಸರಿನ ಗಂಟಿಗೆ ಬೀಳದಿದ್ದರೆ ಜನರ ನಂಬಿಕೆ ಉಳಿಯುವುದೆಂತು? ಇದರ ಮೇಲೆ ಆಂಧ್ರ ಸರ್ಕಾರವೂ 2020ರ ಸೆಪ್ಟೆಂಬರಿನಲ್ಲಿ ರಸ್ತೆ ಅಭಿವೃದ್ಧಿಗೆಂದು ಲೀಟರಿಗೆ 1 ರೂಪಾಯಿ ಸೆಸ್ ಹಾಕಿತು.

ಇನ್ನು ನಾವು ಮಾಡಬಹುದಾದುದು:

1. ಮೊದಲು ರಸ್ತೆ ಯಾರದೆಂದು ತಿಳಿಯಬೇಕು: ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆಯದೋ, ರಸ್ತೆ ಮತ್ತು ಕಟ್ಟಡಗಳ ಇಲಾಖೆಯದೋ, ರಾಷ್ಟ್ರೀಯ ಹೆದ್ದಾರಿಯೋ.

2. ಗ್ರಾಮ ಸಡಕ್ ರಸ್ತೆಯಾದರೆ ಅಲ್ಲಿರುವ ಫಲಕದಲ್ಲಿ ಉದ್ದ, ವೆಚ್ಚ, ಮುಗಿದ ದಿನವನ್ನು ಗುರುತುಮಾಡಿಕೊಳ್ಳಬೇಕು. ಮುಗಿದ ಮೇಲೆ 5 ವರ್ಷ ಅದೇ ಗುತ್ತಿಗೆದಾರನು ದುರಸ್ತಿ ಮಾಡಬೇಕು. 'ಮೇರಿ ಸಡಕ್' ಆ್ಯಪಿನಲ್ಲಿ ಫೋಟೋ ಸಹಿತ ದೂರು ಕೊಡಬಹುದು.

3. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಆ ರಸ್ತೆಗೆ ಯಾವ ವರ್ಷ ಎಷ್ಟು ಮಂಜೂರಾಯಿತು, ಎಷ್ಟು ಖರ್ಚಾಯಿತು ಎಂದು ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಈ ಅರ್ಜಿ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರಲಿ. ಬರೆಯಲು ಬಾರದವನ ಮಾತನ್ನು ಬರಹಕ್ಕೆ ಇಳಿಸಲು ನೆರವಾಗುವುದು ಅಧಿಕಾರಿಯ ಕರ್ತವ್ಯ.

4. ಅಹವಾಲನ್ನಾದರೆ ಕನ್ನಡದಲ್ಲಿಯೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರು ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಭಾಷೆ ಬಾರದೆಂದು ಯಾರೂ ಸುಮ್ಮನೆ ಕೂರಬೇಕಾಗಿಲ್ಲ.

ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಿಸಿ ನಕಲನ್ನು ಕಾದಿರಿಸಬೇಕು. ಹತ್ತಿ, ಶೇಂಗಾ ಮಾರುಕಟ್ಟೆಗೆ ಹೊರಡುವ ಮೊದಲೇ ಈ ಕೆಲಸವಾದರೆ ಒಳ್ಳೆಯದು.