ದೀರ್ಘ ವ್ಯಾಧಿ ಮತ್ತು ಆರೋಗ್ಯದ ದಾಖಲೆ

ವ್ಯಾಧಿಗಳಲ್ಲಿ ಎರಡು ಬಗೆ: ಬಂದು ಹೋಗುವವು ಕೆಲವು, ಬಂದು ನಿಲ್ಲುವವು ಕೆಲವು. ನೆಗಡಿಯು ತಾನಾಗಿಯೇ, ವಿಷಮಜ್ವರ ಮೊದಲಾದವು ಯೋಗ್ಯ ಔಷಧೋಪಚಾರದಿಂದ ನೀಗುತ್ತವೆ. ಮಧುಮೇಹ ಮತ್ತು ಏರಿದ ರಕ್ತದೊತ್ತಡಗಳಾದರೋ ವರ್ಷಾನುವರ್ಷ ಮನುಷ್ಯನ ಸಂಗಡ ಇರತಕ್ಕವು. ಇವುಗಳನ್ನು ಹತೋಟಿಯಲ್ಲಿಡುವುದು ಸಾಧ್ಯ. ಆದರೆ ಅದಕ್ಕೆ ಪಥ್ಯ ಮತ್ತು ಔಷಧಗಳಷ್ಟೇ ಅವಶ್ಯವಾದ ಮೂರನೆಯ ಸಾಧನವೊಂದಿದೆ. ಅದು ರೋಗಿಯ ದಾಖಲೆ.

ವಿದ್ಯಾರ್ಥಿಗಳೇ, ಒಂದು ದಿನದ ಪರೀಕ್ಷೆಯ ಅಂಕಗಳಿಂದ ನಿಮ್ಮ ಇಡೀ ವರ್ಷದ ಅಭ್ಯಾಸವನ್ನು ಅಳೆಯಲು ಬರುವುದಿಲ್ಲ. ಅಂತೆಯೇ ಒಂದು ದಿನದ ರಕ್ತದೊತ್ತಡದಿಂದ ವೈದ್ಯರಿಗೆ ಪೂರ್ಣ ಸ್ಥಿತಿ ತಿಳಿಯದು. ಆಸ್ಪತ್ರೆಯ ಮೆಟ್ಟಿಲುಗಳನ್ನು ಅವಸರದಿಂದ ಏರಿ ಬಂದವನ ಒತ್ತಡವು ಸಹಜವಾಗಿಯೇ ಹೆಚ್ಚಿರುತ್ತದೆ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಅದು 140/90 ಅಥವಾ ಅದಕ್ಕೂ ಮೇಲಿದ್ದರೆ ಮಾತ್ರ ರೋಗವೆಂದು ಸಾಮಾನ್ಯವಾಗಿ ನಿರ್ಣಯಿಸುತ್ತಾರೆ. ಮಧುಮೇಹದಲ್ಲಿ ಎಚ್‌ಬಿಎ1ಸಿ ಎಂಬ ಪರೀಕ್ಷೆ ಇದೆ. ಕೆಂಪು ರಕ್ತಕಣಗಳು ಸುಮಾರು 120 ದಿವಸ ಬದುಕುತ್ತವೆ. ಅವುಗಳಿಗೆ ಅಂಟಿದ ಸಕ್ಕರೆಯನ್ನು ಅಳೆದು, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಕಂಡುಹಿಡಿಯುತ್ತಾರೆ. ನಮ್ಮ ರಕ್ತವೇ ಮೂರು ತಿಂಗಳ ಲೆಕ್ಕವನ್ನು ಇಟ್ಟಿರುತ್ತದೆ. ಅದಕ್ಕಿಂತ ಹಿಂದಿನದನ್ನು ನಾವೇ ಇಡಬೇಕು.

ದಾಖಲೆಯ ಮಹತ್ವವನ್ನು ಜಗತ್ತಿಗೆ ತೋರಿಸಿಕೊಟ್ಟ ಒಂದು ಪ್ರಯತ್ನವು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ ಪ್ರಾರಂಭವಾಯಿತು. ಅಲ್ಲಿಯ 5,209 ಜನರನ್ನು ಎರಡೆರಡು ವರ್ಷಗಳಿಗೊಮ್ಮೆ ಪರೀಕ್ಷಿಸಿ ಬರೆದಿಡಲಾಯಿತು. ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜವೆಂದು ಆಗ ಅನೇಕ ವೈದ್ಯರು ಎಣಿಸಿದ್ದರು. ಆದರೆ ಯಾವ ನೋವನ್ನೂ ಕೊಡದ ಆ ಒತ್ತಡವೇ ಮುಂದೆ ಹೃದಯರೋಗಕ್ಕೆ ಕಾರಣವಾಗುತ್ತದೆಂಬುದು ಆ ದಾಖಲೆಗಳಿಂದ ಸ್ಪಷ್ಟವಾಯಿತು.

ಈಗ ನಮ್ಮ ಗಡಿಭಾಗಕ್ಕೆ ಬರೋಣ. ಗಡಹಿಂಗ್ಲಜ ತಾಲೂಕಿನ ಕನ್ನಡ ಮನೆಯೊಂದರ ವೃದ್ಧೆಯನ್ನು ಊಹಿಸಿಕೊಳ್ಳಿರಿ. ಆಕೆಗೆ ಮಧುಮೇಹ. ಊರಲ್ಲಿದ್ದಾಗ ಅಲ್ಲಿಯ ದವಾಖಾನೆ. ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಮಾಡುವ ಮಗನ ಮನೆಗೆ ಹೋದಾಗ ಅಲ್ಲಿಯ ವೈದ್ಯರು. ಬೇನೆ ಹೆಚ್ಚಾದರೆ ಕೊಲ್ಲಾಪುರ ಇಲ್ಲವೆ ಬೆಳಗಾವಿ. ಒಂದೇ ಔಷಧವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಿಂದ ಮಾರುತ್ತವೆ. ಹಳೆಯ ಚೀಟಿ ಕೈಯಲ್ಲಿಲ್ಲದೆ ಆಕೆ ಎರಡು ಕಡೆಯ ಗುಳಿಗೆಗಳನ್ನೂ ನುಂಗಿದರೆ, ಒಂದೇ ಔಷಧವು ಇಮ್ಮಡಿಯಾಗಿ, ಸಕ್ಕರೆ ಒಮ್ಮೆಲೆ ಇಳಿದು, ಪ್ರಜ್ಞೆ ತಪ್ಪಬಹುದು. ಪ್ರಾಣಕ್ಕೂ ಸಂಚಕಾರ ಬರಬಹುದು. ಇನ್ನೊಂದು ತೊಡಕೂ ಉಂಟು. ಮನೆಯಲ್ಲಿ ಲಕ್ಷ್ಮವ್ವನಾದವಳು ಒಂದು ಕಾಗದದಲ್ಲಿ ಲಕ್ಷ್ಮೀಬಾಯಿ ಆಗಿರುತ್ತಾಳೆ. ಹೆಸರು ಎರಡಾದರೆ ರೋಗಿಯೂ ಇಬ್ಬರೆಂದು ಗಣಕಯಂತ್ರವು ತಿಳಿದೀತು!

ಇಂಥ ಅನಾನುಕೂಲತೆಗಳನ್ನು ನೀಗಲೆಂದೇ ವಿದ್ಯುನ್ಮಾನ ದಾಖಲೆಗಳು ಬಂದಿವೆ. 2017ರಲ್ಲಿ ಆರಂಭವಾದ ಭಾರತೀಯ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಮೊದಲು ಮಹಾರಾಷ್ಟ್ರವೂ ಸೇರಿ ಐದು ರಾಜ್ಯಗಳಲ್ಲಿ ಕಾರ್ಯ ಮಾಡಿತು. ಅದರಲ್ಲಿ ‘ಸಿಂಪಲ್’ ಎಂಬ ಮೊಬೈಲ್ ಆ್ಯಪ್ ಬಳಕೆಗೆ ಬಂದಿತು. ರೋಗಿಗೆ ಕ್ಯೂಆರ್ ಸಂಕೇತವಿರುವ ಒಂದು ಚೀಟಿ. ದಾದಿಯು ಅದನ್ನು ಮೊಬೈಲಿಗೆ ತೋರಿಸಿದೊಡನೆ ಹಿಂದಿನ ಒತ್ತಡ, ಹಿಂದಿನ ಔಷಧ ಎಲ್ಲವೂ ಕಾಣುತ್ತವೆ. ಗೊತ್ತಾದ ದಿನಕ್ಕೆ ಬಾರದವರ ಯಾದಿಯೂ ದೊರೆಯುವುದರಿಂದ ಅವರನ್ನು ದೂರವಾಣಿಯಿಂದ ಕರೆಯಬಹುದು. ಆರಾಮವಾಗಿದೆಯೆಂದು ತಾವೇ ಔಷಧ ಬಿಡುವವರು ಬಹಳ. ಕಾರಣ ಈ ಯಾದಿಯೇ ದೊಡ್ಡ ಉಪಕಾರ. 2022ರಲ್ಲಿ ಈ ಉಪಕ್ರಮಕ್ಕೆ ವಿಶ್ವಸಂಸ್ಥೆಯ ಪುರಸ್ಕಾರ ಲಭಿಸಿತು.

2021ರ ಸೆಪ್ಟೆಂಬರ್ 27ರಂದು ರಾಷ್ಟ್ರವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕೆಗಳ ‘ಆಭಾ’ ಸಂಖ್ಯೆಯನ್ನು ಪಡೆಯುವ ಅನುಕೂಲ ಮಾಡಿದೆ. ಇದು ಐಚ್ಛಿಕವಾದುದು. ಈ ವ್ಯವಸ್ಥೆಯಲ್ಲಿ ಸೇರಿದ ಆಸ್ಪತ್ರೆಗಳ ದಾಖಲೆಗಳನ್ನು ರೋಗಿಯ ಸಮ್ಮತಿ ದೊರೆತ ಮೇಲೆಯೇ ಮತ್ತೊಬ್ಬ ವೈದ್ಯರು ನೋಡಬಹುದು. ಆದುದರಿಂದ ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಅಪರಿಚಿತರಿಗೆ ಎಂದಿಗೂ ಹೇಳಬಾರದು. ಬೇನೆಯ ವಿಷಯವು ಮನೆಯ ಗುಟ್ಟಿನಷ್ಟೇ ಜೋಪಾನವಾಗಿರತಕ್ಕದ್ದು.

ಆದರೂ ಯಂತ್ರವು ತಾನಾಗಿ ಏನನ್ನೂ ಅರಿಯದು. ಬರೆದುದನ್ನಷ್ಟೇ ಅದು ತೋರಿಸುತ್ತದೆ. 150ರ ಬದಲು 105 ಎಂದು ಬರೆದರೆ ಅದನ್ನೇ ತೋರಿಸುತ್ತದೆ. ಕಾರಣ ಮನೆಯ ವಹಿಯನ್ನು ಕೈಬಿಡಲಾಗದು. ಈ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಬೇಕೆಂದು ನನ್ನ ಸೂಚನೆ:

1. ಮನೆಯ ಹಿರಿಯರ ಹೆಸರಿನಲ್ಲಿ ಒಂದು ವಹಿಯನ್ನಿಟ್ಟು, ಪರೀಕ್ಷೆಯ ದಿನಾಂಕ, ರಕ್ತದೊತ್ತಡ, ಸಕ್ಕರೆಯ ಪ್ರಮಾಣಗಳನ್ನು ಬರೆಯಿರಿ.

2. ಗುಳಿಗೆಯ ಪೊಟ್ಟಣದ ಮೇಲೆ ಕಂಪನಿಯ ಹೆಸರಿನ ಜೊತೆಗೆ ಮೂಲ ಔಷಧದ ಹೆಸರೂ ಇರುತ್ತದೆ. ಎರಡನ್ನೂ ಪ್ರಮಾಣಸಹಿತ ನೋಡಿ ಬರೆಯಿರಿ.

3. ಎಲ್ಲ ಕಾಗದಪತ್ರಗಳಲ್ಲಿ ಹೆಸರು ಮತ್ತು ಜನ್ಮದಿನಾಂಕ ಒಂದೇ ರೀತಿ ಇವೆಯೋ ಎಂದು ನೋಡಿರಿ.

4. ಯಾವ ಊರಿನ ವೈದ್ಯರಲ್ಲಿಗೆ ಹೋದರೂ ಆ ವಹಿಯನ್ನು ಮೊದಲು ತೋರಿಸಿರಿ. ಅವರನ್ನು ಕೇಳದೆ ಔಷಧವನ್ನು ಬಿಡುವುದೂ ಬೇಡ, ಹೆಚ್ಚಿಸುವುದೂ ಬೇಡ.

ಪಾಲಕರಲ್ಲಿಯೂ ಒಂದು ವಿನಂತಿ. ಮಕ್ಕಳು ಓದು-ಬರಹ ಕಲಿತದ್ದು ಪರೀಕ್ಷೆಗಾಗಿ ಮಾತ್ರವಲ್ಲ. ಅಜ್ಜನ ಚೀಟಿಯನ್ನು ಓದಿ, ಅಜ್ಜಿಯ ಸಕ್ಕರೆಯ ಲೆಕ್ಕವನ್ನು ಬರೆದಿಡುವ ಕೈಯೂ ಶಾಲೆಯಲ್ಲಿ ಕಲಿತ ಕೈಯೇ. ಆ ಅಧಿಕಾರವನ್ನು ಅವರಿಗೆ ಸಂತೋಷದಿಂದ ಕೊಡಬೇಕು.