ಮೊದಲು ಊಟ, ಆಮೇಲೆ ಓದು





*ಇಂದಿನ ಪ್ರಸಂಗ*

ಬುದ್ಧರು ಆಳವಿ ಎಂಬ ಊರಿಗೆ ಬಂದ ದಿನ ಒಬ್ಬ ಬಡ ರೈತನೂ ಧಮ್ಮ ಕೇಳಲು ಹೊರಟಿದ್ದ. ಆದರೆ ಅವನ ಎತ್ತು ತಪ್ಪಿಸಿಕೊಂಡಿತು. ಅದನ್ನು ಹುಡುಕಿ ತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಹಸಿದುಕೊಂಡೇ ಓಡಿಬಂದ. ಅಲ್ಲಿ ಊಟ ಮುಗಿದು, ಜನ ಉಪದೇಶಕ್ಕೆ ಕಾದಿದ್ದರು. ಬುದ್ಧರು ಮಾತ್ರ ಸುಮ್ಮನೆ ಕೂತು ಇವನಿಗಾಗಿ ಕಾಯುತ್ತಿದ್ದರು. ಅವನು ಬಂದೊಡನೆ, ಊಟ ಉಳಿದಿದೆಯೇ ಎಂದು ವಿಚಾರಿಸಿ ಉಣ್ಣಿಸಿದರು. ಆಮೇಲೆಯೇ ಧಮ್ಮ ಬೋಧಿಸಿದರು. ಧಮ್ಮಪದದ ಅಟ್ಠಕಥೆಯಲ್ಲಿರುವ ಈ ಪ್ರಸಂಗದ ಪಾಠ ಇಷ್ಟೇ: ಹಸಿವು ಎಲ್ಲಕ್ಕಿಂತ ದೊಡ್ಡ ರೋಗ.

*ನಮ್ಮ ನಡುವೆ*

ಭಾನುವಾರದ ವಂದನೆಗೆ ಬರುವ ತಂಗಿಯೊಬ್ಬಳು ಹೋದ ತಿಂಗಳು ಪರೀಕ್ಷೆ ಬರೆಯುವಾಗಲೇ ತಲೆಸುತ್ತಿ ಬಿದ್ದಳು. ಬೆಳಗಿನ ತಿಂಡಿ ಬಿಟ್ಟು, ಟೀ-ಬಿಸ್ಕತ್ತಿನಲ್ಲಿ ದಿನ ದೂಡಿ, ಉಳಿದ ದುಡ್ಡನ್ನು ಮನೆಗೆ ಕಳಿಸುತ್ತಿದ್ದಳು. ಕೇಳಿದರೆ, "ಬಾಬಾಸಾಹೇಬರು ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿ ಓದಲಿಲ್ಲವಾ ಅಣ್ಣಾ?" ಅಂದಳು.

ಓದಿದರು, ನಿಜ. ಆದರೆ ಅದು ವ್ರತವಲ್ಲ, ಕೈಯಲ್ಲಿ ದುಡ್ಡಿರಲಿಲ್ಲ. ನಮ್ಮ ಮಕ್ಕಳಿಗೆ ಆ ಕಷ್ಟ ಬೇಡವೆಂದೇ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಸೊಲ್ಲಾಪುರದಲ್ಲಿ ಅದರಿಂದ ವಿದ್ಯಾರ್ಥಿ ನಿಲಯವೂ ಶುರುವಾಯಿತು. ಹಾಸ್ಟೆಲ್ಲಿನ ತಟ್ಟೆ ಯಾರ ಭಿಕ್ಷೆಯೂ ಅಲ್ಲ, ಅದು ನಿಮ್ಮ ಹಕ್ಕು. ಸಿದ್ಧಾರ್ಥರೂ ದೇಹ ದಂಡಿಸುವುದನ್ನು ಬಿಟ್ಟು, ಸುಜಾತೆ ಕೊಟ್ಟ ಪಾಯಸ ಉಂಡ ಮೇಲೆಯೇ ಬೋಧಿ ವೃಕ್ಷದಡಿ ಕೂತರು.

*ತಟ್ಟೆಯಲ್ಲಿ ಮಧ್ಯಮ ಮಾರ್ಗ*

▪️ ಬರೀ ಅನ್ನ, ತಿಳಿ ಸಾರು ಸಾಲದು. ಮುದ್ದೆ, ರೊಟ್ಟಿ, ಅನ್ನ ಯಾವುದಿದ್ದರೂ ಜೊತೆಗೆ ಬೇಳೆ ಅಥವಾ ಕಾಳು, ಸೊಪ್ಪು-ತರಕಾರಿ ಇರಲಿ.
▪️ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ಹಿಡಿ ಕಡಲೆಬೀಜದಲ್ಲೂ ಹೆಚ್ಚುಕಮ್ಮಿ ಅಷ್ಟೇ.
▪️ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ತಕ್ಷಣ ಟೀ ಬೇಡ, ಅದು ಕಬ್ಬಿಣಾಂಶವನ್ನು ತಡೆಯುತ್ತದೆ.
▪️ ಮನೆಯಿಂದ ತಂದ ಒಣಮೀನು, ಮಾಂಸದ ಡಬ್ಬಿ ತೆರೆಯಲು ನಾಚಿಕೊಳ್ಳಬೇಡಿ. ಅವ್ವ ಕಟ್ಟಿಕೊಟ್ಟ ಊಟದಲ್ಲಿ ಕೀಳು ಎಂಬುದಿಲ್ಲ.
▪️ ರುಚಿಯಿದೆಯೆಂದು ದಿನಾ ಗೋಬಿ, ನೂಡಲ್ಸ್ ತಿನ್ನುವುದೂ ಅತಿಯೇ.

*ಇಂದಿನ ಅಭ್ಯಾಸ*

ಇವತ್ತು ತಿಂಡಿ ಬಿಡಬೇಡಿ. ಒಂದು ಹೊತ್ತಾದರೂ ಮೊಬೈಲ್ ಪಕ್ಕಕ್ಕಿಟ್ಟು, ಎಚ್ಚರದಿಂದ ಉಣ್ಣಿ. ಪಕ್ಕದ ರೂಮಿನವರು ಊಟಕ್ಕೆ ಬಂದಿಲ್ಲವಾದರೆ ಹೋಗಿ ಕರೆಯಿರಿ. ಆಳವಿಯಲ್ಲಿ ಬುದ್ಧರು ಮಾಡಿದ್ದೂ ಅದನ್ನೇ.

ಅಪ್ಪ-ಅವ್ವಂದಿರೇ, ಇವತ್ತು ಫೋನ್ ಮಾಡಿದಾಗ "ಎಷ್ಟು ಮಾರ್ಕ್ಸ್ ಬಂತು?" ಎನ್ನುವ ಮೊದಲು "ಏನು ಉಂಡೆ?" ಎಂದು ಕೇಳಿ.

ಸಾಧು! ಸಾಧು! ಸಾಧು!